ದೊಡ್ಡವರಿಲ್ಲದ ಮನೆ, 45 ದಿನ, 150 ರೂಪಾಯಿ

(ಹದಿಹರೆಯದ ಓದುಗರಿಗಾಗಿ ಹಾಸ್ಯ ಕಾದಂಬರಿ ಬರೆಯಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ, ಮನೆಯಲ್ಲಿ ದೊಡ್ಡವರಿಲ್ಲ, ಮೂರ್ನಾಲ್ಕು ಹುಡುಗ ಹುಡುಗಿಯರು ತಾವೇ ಸಂಸಾರ ನಡೆಸುತ್ತಾರೆ. ನಿಮ್ಮಲ್ಲಿ ಹಲವರು ಬರೆಯಬೇಕೆಂದುಕೊಂಡಿರುವ ಕಾದಂಬರಿ ಇದೇ. ನೀವು ಕೊಟ್ಟ ಟಿಪ್ಪಣಿಗಳಲ್ಲಿ ಪಾತ್ರಗಳ ಸ್ವಭಾವ ಇದೆ, ಅಡ್ಡಹೆಸರುಗಳಿವೆ, ಸಾಕಷ್ಟು ಜೋಕುಗಳೂ ಇವೆ. ಮನೆಯೊಂದೇ ಇಲ್ಲ. ಸಿಲಿಂಡರು ಒಂದೋ ಎರಡೋ, ನಳದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಕಪಾಟಿನಲ್ಲಿ ಇಟ್ಟುಹೋದ ದುಡ್ಡೆಷ್ಟು, ಕುಕ್ಕರಿನ ರಬ್ಬರು ಸಡಿಲವೋ ಬಿಗಿಯೋ, ಇದು ಯಾವುದೂ ಟಿಪ್ಪಣಿಯಲ್ಲಿಲ್ಲ. ಹೀಗಾಗಿ ಜೋಕುಗಳಿಗೆ ನಿಲ್ಲಲು ನೆಲವಿಲ್ಲ.

ಈ ಬಗೆಯ ಕಾದಂಬರಿಯಲ್ಲಿ ನಗು ಬರುವುದು ಲೆಕ್ಕ ತಪ್ಪಿದಾಗ. ಲೆಕ್ಕ ತಪ್ಪಿತು ಅಂತ ಓದುವವರಿಗೆ ಗೊತ್ತಾಗಬೇಕಾದರೆ ಮೊದಲು ಲೆಕ್ಕ ಅವರ ಮುಂದಿರಬೇಕು. ಹದಿನಾರು ವರ್ಷದವನ ಯೋಜನೆ ಪೆದ್ದುತನದ್ದಾದರೆ ನಾವು ಅವನನ್ನು ನೋಡಿ ಒಂದು ಸಲ ನಗುತ್ತೇವೆ, ಎರಡನೇ ಸಲಕ್ಕೆ ಬೇಸರವಾಗುತ್ತದೆ. ಅವನ ಯೋಜನೆ ಕಾಗದದ ಮೇಲೆ ಸರಿಯಾಗಿಯೇ ಇದ್ದು, ಅವನಿಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯಿಂದ ಕುಸಿದರೆ ಇನ್ನೂರು ಪುಟ ನಗಬಹುದು. ಆ ಒಂದು ಸಂಗತಿ ಬರೆಯುವವರಿಗೆ ಮೊದಲೇ ಗೊತ್ತಿರಬೇಕು.

ಮಾತು ಗಾಳಿಯಲ್ಲಿ ಹೋಗದ ಹಾಗೆ ಒಂದು ಮಾದರಿ ಇಟ್ಟುಕೊಳ್ಳೋಣ. ಊರು ಧಾರವಾಡ, ಮಾಳಮಡ್ಡಿಯ ಹಳೆಯ ಹೆಂಚಿನ ಮನೆ, ಹಿತ್ತಲಲ್ಲಿ ಒಂದು ಆಪೂಸ್ ಮಾವಿನ ಮರ. ಗೌರಿಗೆ 17, ಪಿಯು ಮೊದಲ ವರ್ಷ ಮುಗಿಸಿದ್ದಾಳೆ. ತಮ್ಮ ಸಮೀರನಿಗೆ 14. ಬೆಂಗಳೂರಿನಿಂದ ರಜೆಗೆ ಬಂದ ಕಾಕಾನ ಮಗ ನಚಿಕೇತನಿಗೆ 16. ಮೂವರು ಸಾಕು. ಇಬ್ಬರಿದ್ದರೆ ಬರೀ ಜಗಳ. ನಾಲ್ವರಾದರೆ ಎರಡು ಪಕ್ಷಗಳು ಸಮ. ಮೂವರಿದ್ದರೆ ಪ್ರತಿ ಸಲವೂ ಮತ ಹಾಕಬಹುದು, ಪ್ರತಿ ಸಲವೂ ಒಬ್ಬರು ಸೋಲುತ್ತಾರೆ, ಸೋತವರು ಸೇಡು ತೀರಿಸಿಕೊಳ್ಳುತ್ತಾರೆ. ಕಥೆ ತಾನಾಗಿ ಉರುಳುತ್ತದೆ.

ಮೊದಲ ಕೆಲಸ ದೊಡ್ಡವರನ್ನು ಮನೆಯಿಂದ ಹೊರಗೆ ಕಳಿಸುವುದು. ಬಹಳ ಹಸ್ತಪ್ರತಿಗಳು ಇಲ್ಲೇ ಮುಗ್ಗರಿಸುತ್ತವೆ. ಅಪಘಾತ, ಸಾವು, ಅಪ್ಪ ಅಮ್ಮನ ಜಗಳ ತಂದರೆ ಹಾಸ್ಯ ಅಲ್ಲಿಗೇ ಮುಗಿಯಿತು. ಓದುವ ಹುಡುಗಿ ಪ್ರತಿ ಪುಟದಲ್ಲೂ ಆ ದುಃಖವನ್ನು ನೆನೆಯುತ್ತಾಳೆ. ದೊಡ್ಡವರು ಸಂತೋಷದ ಕಾರಣಕ್ಕೆ ಹೋಗಬೇಕು, ಬೇಗ ಬರಲಾಗದಷ್ಟು ದೂರ ಹೋಗಬೇಕು, ಫೋನಿಗೆ ಸಿಗುವಂತಿರಬೇಕು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಕಾರಣವೊಂದಿದೆ, ಮಗಳ ಬಾಣಂತನ. ಗೌರಿಯ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅಪ್ಪ ಅಮ್ಮ ಏಪ್ರಿಲ್ 12ಕ್ಕೆ ಹೊರಟು ಮೇ 27ಕ್ಕೆ ವಾಪಸು. 45 ದಿನ. ಮನೆಯಲ್ಲಿ ಅಜ್ಜಿ ಇದ್ದಾರೆ, ಚಿಂತೆಯಿಲ್ಲ.

ಇನ್ನು ಅಜ್ಜಿಯನ್ನು ಕಳಿಸಬೇಕು. ಓಣಿಯ ಭಜನಾ ಮಂಡಳಿಯವರು ಎಂಟು ದಿನದ ಕಾಶಿಯಾತ್ರೆಗೆ ಹೊರಟಿದ್ದಾರೆ, ಒಂದು ಸೀಟು ಖಾಲಿಯಾಗಿದೆ. ಬೆಂಗಳೂರಿನ ಮಗ, ಅಂದರೆ ನಚಿಕೇತನ ಅಪ್ಪ, ಬಂದು ಮಕ್ಕಳ ಜೊತೆ ಇರುತ್ತಾನೆ ಎಂದು ಅಜ್ಜಿ ನಂಬಿದ್ದಾರೆ. ಅಜ್ಜಿ ಮನೆಯಲ್ಲೇ ಇದ್ದಾರೆ ಎಂದು ಆ ಮಗ ನಂಬಿದ್ದಾನೆ. ಅಮೆರಿಕದಲ್ಲಿರುವವರಿಗೆ ಯಾವ ಅನುಮಾನವೂ ಇಲ್ಲ. ಎಂಟು ದಿನದ ಮೇಲೆ ಅಜ್ಜಿ ಕಾಶಿಯಿಂದ ನೇರ ಶಿರಸಿಯ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿಯುತ್ತಾರೆ. ಗಮನಿಸಿ, ಇಷ್ಟಾದರೂ ಮಕ್ಕಳು ಒಂದೇ ಒಂದು ಸುಳ್ಳು ಹೇಳಿಲ್ಲ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಯಿಬಿಟ್ಟು ಹೇಳುವ ಮೊದಲ ಸುಳ್ಳನ್ನು ಕಾದಂಬರಿಯ ನಡುವಿನ ತನಕ ತಡೆದಿಟ್ಟುಕೊಳ್ಳಿ. ಅಷ್ಟರಲ್ಲಿ ಓದುಗರು ಮಕ್ಕಳ ಪಕ್ಷ ಸೇರಿರುತ್ತಾರೆ, ಸುಳ್ಳಿಗೆ ತಾವೂ ಉಪಾಯ ಹುಡುಕತೊಡಗುತ್ತಾರೆ.

ಮೊಬೈಲು ಬಂದ ಮೇಲೆ ಇಂಥ ಕಥೆ ಬರೆಯಲಾಗದು, ಹಾಗಾಗಿ ಕಾಲವನ್ನು 1990ಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಕೆಲವರು ಹೇಳುತ್ತಾರೆ. ನನಗೆ ಇದು ಸೋಮಾರಿತನ ಅನಿಸುತ್ತದೆ. ಮೊಬೈಲು ಕಥೆಯನ್ನು ಕೆಡಿಸುವುದಿಲ್ಲ, ಅದಕ್ಕೆ ವೇಳಾಪಟ್ಟಿ ಕೊಡುತ್ತದೆ. ಆ ತಿಂಗಳುಗಳಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಧಾರವಾಡದ ಬೆಳಗಿನ ಏಳೂವರೆ ಅಂದರೆ ಅಲ್ಲಿ ಹಿಂದಿನ ರಾತ್ರಿ ಹತ್ತು. ಮಗು ಮಲಗಿದ ಮೇಲೆ ಅಮ್ಮ ವಿಡಿಯೊ ಕರೆ ಮಾಡುವ ಹೊತ್ತು ಅದು. ಇಲ್ಲಿ ಅದೇ ಹೊತ್ತಿಗೆ ಅಜ್ಜಿ ಮಡಿಯಲ್ಲಿ ಪೂಜೆಗೆ ಕೂತಿರುತ್ತಾರೆ, ಮಾತಾಡಿಸುವ ಹಾಗಿಲ್ಲ. ಈ ಪದ್ಧತಿ ಇಪ್ಪತ್ತು ವರ್ಷದಿಂದ ಅಮ್ಮನಿಗೇ ಗೊತ್ತು! ಹಾಗಾಗಿ ದಿನಾ ಬೆಳಗ್ಗೆ ಸಮೀರ ದೇವರ ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡು ಗಂಟೆ ಬಾರಿಸಬೇಕು. ಬರೀ ಗಂಟೆ ಬಾರಿಸಿದರೆ ಸಾಲದು, ನಡುವೆ ನೀರು ಬಿಡುವ ಸದ್ದು, ಉದ್ಧರಣೆ ತಾಗುವ ಸದ್ದು ಬರಬೇಕು. ಎರಡನೇ ವಾರದಲ್ಲಿ "ಅತ್ತಿಯವರು ಯಾಕ ಗಂಟಿ ಇಷ್ಟು ಗಡಬಡಿಲೆ ಬಾರಸ್ತಾರ?" ಎಂದು ಅಮ್ಮ ಕೇಳುತ್ತಾಳೆ. ಮೂರನೇ ವಾರಕ್ಕೆ ಸಮೀರ ಅಜ್ಜಿಯ ಪುಸ್ತಕ ತೆಗೆದು ಯಾವುದರ ನಂತರ ಯಾವುದು ಎಂದು ನೋಡಿಕೊಳ್ಳತೊಡಗುತ್ತಾನೆ. ಐದನೇ ವಾರಕ್ಕೆ ಅವನಿಗೆ ಪೂಜೆ ಬರುತ್ತದೆ. ಇದನ್ನು ಎಲ್ಲೂ ಹೊಗಳಬೇಡಿ, ಎತ್ತಿ ಹೇಳಲೂ ಬೇಡಿ.

ವಿಡಿಯೊ ಕರೆಗೆ ಮನೆಯಲ್ಲಿ ಒಂದು ಮೂಲೆಯನ್ನಷ್ಟೇ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ ಎಂಬುದು ನಿಮಗೇ ಹೊಳೆದಿರುತ್ತದೆ. ಎಲ್ಲರಿಗೂ ಹೊಳೆಯುವುದರಿಂದ ಅದಕ್ಕೆ ಅರ್ಧ ಪುಟ ಸಾಕು.

ಈಗ ದುಡ್ಡು. ಅಪ್ಪ 9,000 ರೂಪಾಯಿ ಇಟ್ಟುಹೋಗಿದ್ದಾರೆ, ದಿನಕ್ಕೆ 200ರಂತೆ. ಅಕ್ಕಿ, ಬೇಳೆ, ಎಣ್ಣೆ ಮನೆಯಲ್ಲಿವೆ. ದಿನಕ್ಕೆ ಒಂದು ಲೀಟರು ಹಾಲಿಗೆ 50, ತರಕಾರಿಗೆ 60 ಹಿಡಿಯಿರಿ. ಅಲ್ಲಿಗೆ 110. ಉಳಿದ 90 ರೂಪಾಯಿಯಂತೆ 45 ದಿನಕ್ಕೆ 4,050. ಅದರಲ್ಲಿ ಒಂದು ಸಿಲಿಂಡರಿಗೆ 900, ಮನೆಗೆಲಸದ ಶಾಂತವ್ವನಿಗೆ ತಿಂಗಳಿಗೆ 1,500ರಂತೆ ಎರಡು ಸಂಬಳ 3,000. ಒಟ್ಟು 3,900. ಕೈಯಲ್ಲಿ ಉಳಿಯುವುದು ಇಡೀ ಬೇಸಿಗೆಗೆ 150 ರೂಪಾಯಿ. ಎರಡನೇ ದಿನ ಸಂಜೆ ಮೂವರೂ ಸ್ವಾತಂತ್ರ್ಯ ಆಚರಿಸಲು 600 ರೂಪಾಯಿಯ ಪಿಜ್ಜಾ ತರಿಸುತ್ತಾರೆ. ಇನ್ನು 43 ದಿನ ಬಾಕಿ, 450 ರೂಪಾಯಿ ಕೊರತೆ. ಕಾದಂಬರಿಯ ಮೊದಲರ್ಧ ಓಡುವುದು ಈ 450 ರೂಪಾಯಿಯ ಮೇಲೆ. ಮೊತ್ತ ಸಣ್ಣದಿದ್ದಷ್ಟೂ ಒಳ್ಳೆಯದು. 45,000 ಕೊರತೆಯಾದರೆ ಅದು ಕಷ್ಟದ ಕಥೆ, 450 ಆದರೆ ಮಾನದ ಕಥೆ. ಅಪ್ಪನಿಗೆ ಒಂದು ಸಂದೇಶ ಹಾಕಿದರೆ ದುಡ್ಡು ಬಂದೀತು, ಆದರೆ ಪಿಜ್ಜಾ ಎಂಬ ಶಬ್ದ ಬಾಯಿಂದ ಬರಬೇಕಾಗುತ್ತದೆ. ಯುಪಿಐ ಅಪ್ಪನ ಖಾತೆಗೆ ಜೋಡಣೆಯಾಗಿದ್ದರೆ ಇಪ್ಪತ್ತು ರೂಪಾಯಿಯ ಐಸ್‌ಕ್ಯಾಂಡಿಗೂ ನ್ಯೂಜೆರ್ಸಿಯಲ್ಲಿ ಫೋನು ಟಿಣ್ ಅನ್ನುತ್ತದೆ. ಹಾಗಾಗಿ ಎಲ್ಲವೂ ನಗದಿನಲ್ಲೇ ನಡೆಯಬೇಕು.

450 ಹುಟ್ಟಿಸುವುದು ಹೇಗೆ? ರದ್ದಿ ಮಾರುವುದು ಮೊದಲ ಯೋಚನೆ. ಕಿಲೋಗೆ 12 ಅಂತಿಟ್ಟರೆ 38 ಕಿಲೋ ಬೇಕು. ಒಂದು ಕನ್ನಡ ದಿನಪತ್ರಿಕೆ ತಿಂಗಳಿಗೆ ಎರಡು, ಎರಡೂವರೆ ಕಿಲೋ ತೂಗುತ್ತದೆ, ವರ್ಷದ ರಾಶಿ 28 ಕಿಲೋ ಆದೀತು. ಹತ್ತು ಕಿಲೋ ಕಡಿಮೆ. ಆ ಹತ್ತು ಕಿಲೋ ಎಲ್ಲಿಂದ ಬಂತು ಎಂಬುದೇ ಮುಂದಿನ ಎರಡು ಅಧ್ಯಾಯ, ಯಾಕೆಂದರೆ ಅಟ್ಟದ ಮೇಲಿನ ಹಳೆಯ ಫೈಲುಗಳ ಗಂಟಿನಲ್ಲಿ ಮನೆಯ ಆಸ್ತಿ ತೆರಿಗೆಯ ರಸೀದಿಗಳಿದ್ದವು. ನೋಡಿ, ಪತ್ರಿಕೆಯ ತೂಕ ತೆಗೆಯದೆ ಬರೆದಿದ್ದರೆ ಈ ತಿರುವು ಸಿಗುತ್ತಲೇ ಇರಲಿಲ್ಲ.

ಕೆಲಸಕ್ಕೆ ಸೇರಿಸುವುದಾದರೆ ಕಾನೂನು ತಿಳಿದಿರಲಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ತುಂಬದವರನ್ನು ದುಡಿಮೆಗೆ ಇಟ್ಟುಕೊಳ್ಳುವುದು ನಿಷಿದ್ಧ, 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ನಚಿಕೇತ ಸಪ್ತಾಪುರದ ಕೋಚಿಂಗ್ ಸೆಂಟರುಗಳ ಬಳಿ ಝೆರಾಕ್ಸ್ ಅಂಗಡಿಯಲ್ಲಿ ನಿಲ್ಲಬಹುದು. ಅಪ್ರಾಪ್ತರು, ಅಂದರೆ 18 ತುಂಬದವರು, ಮಾಡಿಕೊಂಡ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್‌ನ 1903ರ ತೀರ್ಪಿನಿಂದ ಅದು ಇತ್ಯರ್ಥವಾದ ವಿಷಯ. ಆದ್ದರಿಂದ ನಿಮ್ಮ ಮಕ್ಕಳು ತಾವೇ ಬಾಡಿಗೆ ಮನೆ ಹಿಡಿದರು ಎಂದು ಬರೆಯಬೇಡಿ. ಹಿತ್ತಲ ಮಾವಿನ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಗೌರಿ ಸಹಿ ಹಾಕಿದಳು ಎಂದರೆ ಮಾತ್ರ ಹಾಸ್ಯಕ್ಕೆ ಒಳ್ಳೆಯ ಮೇವು. ಕಾಗದ ಇದೆ, ಸಹಿ ಇದೆ, ಅದಕ್ಕೆ ಕಾಸಿನ ಬೆಲೆಯಿಲ್ಲ, ಇದು ವ್ಯಾಪಾರಿಗೂ ಗೊತ್ತು, ಗೌರಿಗೆ ಗೊತ್ತಿಲ್ಲ. ಸ್ಕೂಟರನ್ನು ಮಾತ್ರ ದೂರವಿಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ದಂಡ, ಮೂರು ವರ್ಷದ ತನಕ ಸೆರೆ. ಇದು ನಗೆಯ ಅಳತೆಗೆ ಮೀರಿದ್ದು. ಸೈಕಲ್ಲು, ಊರೊಳಗಿನ ಬಸ್ಸು ಸಾಕು. ಬಸ್ಸಿನಲ್ಲೂ ಒಂದು ಲೆಕ್ಕವಿದೆ. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. 150 ರೂಪಾಯಿಯ ಸಂಸಾರದಲ್ಲಿ ಹೊರಗಿನ ಕೆಲಸಗಳೆಲ್ಲ ಯಾರ ತಲೆಗೆ ಬರುತ್ತವೆ? ನಚಿಕೇತ ಅದನ್ನು ಉಳಿತಾಯ ಎನ್ನುತ್ತಾನೆ, ಗೌರಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ.

ಅಡುಗೆಮನೆಗೆ ಬರೋಣ. ಇಲ್ಲಿ ನಿಧಾನವಾಗಿ ಹೋಗಬೇಕು.

ಹೊಸಬರು ಬರೆದ ಕಾದಂಬರಿಗಳಲ್ಲಿ ಅಡುಗೆ ಕೆಡುವುದು ಎರಡೇ ಬಗೆಯಲ್ಲಿ, ಉಪ್ಪು ಹೆಚ್ಚು ಅಥವಾ ಸೀದುಹೋಯಿತು. ನಿಜವಾದ ಅಡುಗೆಮನೆ ಇದಕ್ಕಿಂತ ಶ್ರೀಮಂತ. ಕುಕ್ಕರಿನ ಮುಚ್ಚಳಕ್ಕೆ ರಬ್ಬರ್ ರಿಂಗ್ ಹಾಕದೆ ಮುಚ್ಚಿದರೆ ಏನಾಗುತ್ತದೆ? ಸ್ಫೋಟವಾಗುವುದಿಲ್ಲ. ಉಗಿ ಅಂಚಿನಿಂದ ಸೋರುತ್ತದೆ, ಒತ್ತಡ ಕಟ್ಟುವುದಿಲ್ಲ, ಸೀಟಿ ಬರುವುದಿಲ್ಲ. ಮೂರು ಸೀಟಿಗೆ ಕಾಯುತ್ತ ಕೂತವನು ಕಾಯುತ್ತಲೇ ಇರುತ್ತಾನೆ, ನೀರು ಆರಿ ತಳ ಹಿಡಿಯುತ್ತದೆ. ಬೇಳೆ, ನೀರು ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಿದರೆ ಆಗುವುದೇ ಬೇರೆ. ನೊರೆ ಎದ್ದು ಸೀಟಿಯ ರಂಧ್ರಕ್ಕೆ ಅಡರುತ್ತದೆ, ಸುರಕ್ಷತಾ ವಾಲ್ವು ಕರಗಿ ಬಾಯಿ ಬಿಡುತ್ತದೆ, ಬೇಳೆ ಛಾವಣಿಗೆ ಹೋಗುತ್ತದೆ. ಮೊದಲನೆಯದು ಮೌನದ ಹಾಸ್ಯ, ಎರಡನೆಯದು ಸದ್ದಿನದು. ಒಂದೇ ಕುಕ್ಕರಿನಿಂದ ಎರಡು ಅಧ್ಯಾಯ ದೊರೆಯುತ್ತವೆ, ಆದರೆ ಮೌನದ್ದನ್ನು ಮೊದಲು ಇಡಿ. ಮೊದಲ ಸಲ ಸೀಟಿ ಬರದೆ ಮೋಸಹೋದವನು ಎರಡನೇ ಸಲ ರಬ್ಬರನ್ನು ಅತಿ ಶ್ರದ್ಧೆಯಿಂದ ಕೂರಿಸುತ್ತಾನೆ, ಪ್ರಮಾಣವನ್ನು ಮರೆಯುತ್ತಾನೆ.

ಪ್ರಮಾಣ ಅಂದರೆ ಉಪ್ಪಿಟ್ಟು. ಒಂದು ಲೋಟ ರವೆಗೆ ಮೂರು ಲೋಟ ನೀರು. ಮೂವರಿಗೆ ಒಂದು, ಒಂದೂಕಾಲು ಲೋಟ ರವೆ ಧಾರಾಳ. ನಚಿಕೇತ ಅರ್ಧ ಕಿಲೋ ಪ್ಯಾಕೆಟ್ಟು ಪೂರ್ತಿ ಸುರಿಯುತ್ತಾನೆ, ಪ್ಯಾಕೆಟ್ಟು ಅವನ ಕಣ್ಣಿಗೆ ಸಣ್ಣದಾಗಿ ಕಂಡದ್ದರಿಂದ. ಅರ್ಧ ಕಿಲೋ ಅಂದರೆ ಹತ್ತಿರ ಹತ್ತಿರ ಮೂರು ಲೋಟ, ಎಂಟೊಂಬತ್ತು ಜನರ ನಾಷ್ಟಾ. ಎಸೆಯುವಂತಿಲ್ಲ, 450 ರೂಪಾಯಿ ಕೊರತೆಯ ಮನೆಯಿದು. ಮಧ್ಯಾಹ್ನ ಅದೇ ಉಪ್ಪಿಟ್ಟು, ಸಂಜೆ ಅದನ್ನು ತಟ್ಟಿ ಕಾಯಿಸಿ ಕಟ್ಲೆಟ್, ಮರುದಿನ ಬೆಳಗ್ಗೆ ಶಾಂತವ್ವ ಡಬ್ಬಿ ತೆರೆದು ನೋಡಿ ಏನೂ ಹೇಳದೆ ಮುಚ್ಚುವುದು. ಇಲ್ಲಿ ಶಾಂತವ್ವ ಮಾತಾಡಿದರೆ ದೃಶ್ಯ ಕೆಟ್ಟಿತು.

ಇಡ್ಲಿ ಹಿಟ್ಟಿಗೆ ಹವಾಮಾನ ಬೇಕು. ಚಳಿಗಾಲದಲ್ಲಿ ಹನ್ನೆರಡು ತಾಸು ಹುದುಗಬೇಕಾದ ಹಿಟ್ಟು ಮೇ ತಿಂಗಳಲ್ಲಿ ಆರೇಳು ತಾಸಿಗೆ ಎದ್ದು ನಿಲ್ಲುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ನಡುರಾತ್ರಿ ಕಟ್ಟೆಯಿಂದ ಇಳಿದು ನೆಲ ಸೇರುತ್ತದೆ. ವಿಡಿಯೊ ನೋಡಿ ಅಡುಗೆ ಕಲಿತ ನಚಿಕೇತ ಹೇಳಿದ ಹನ್ನೆರಡು ತಾಸು ಸರಿಯಾಗಿಯೇ ಇತ್ತು, ಆ ವಿಡಿಯೊ ಮಾಡಿದವರು ಊಟಿಯಲ್ಲಿದ್ದರು ಅಷ್ಟೇ. ಹೀಗೆ ತಪ್ಪಿಗೆ ಕಾರಣ ಕೊಡಿ, ಪಾತ್ರ ಪೆದ್ದಾಗುವುದಿಲ್ಲ.

ಇನ್ನು ಸಿಲಿಂಡರು. ಈ ಕಾದಂಬರಿಯ ನಟ್ಟನಡುವೆ ಇಡಬೇಕಾದ ದೃಶ್ಯ ಇದು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ, ಖಾಲಿ ಸಿಲಿಂಡರೇ ಸುಮಾರು ಅಷ್ಟು ತೂಗುತ್ತದೆ, ಒಟ್ಟು 30 ಕಿಲೋ ಹತ್ತಿರ. ಬುಕ್ ಮಾಡುವುದು ಅಪ್ಪನ ನಂಬರಿನಿಂದ, ಮನೆಗೆ ತಂದವರಿಗೆ ಹೇಳಬೇಕಾದ ಓಟಿಪಿ ಬರುವುದೂ ಅಪ್ಪನ ನಂಬರಿಗೆ. ಗಾಡಿ ಬಾಗಿಲಿಗೆ ಬರುವುದು ಬೆಳಗ್ಗೆ ಹನ್ನೊಂದಕ್ಕೆ. ನ್ಯೂಜೆರ್ಸಿಯಲ್ಲಿ ಆಗ ರಾತ್ರಿ ಒಂದೂವರೆ.

"ತಂಗೀ, ಓಟಿಪಿ ಹೇಳವಾ."

"ಅದು ಅಪ್ಪನ ಫೋನಿಗೆ ಬಂದಿರ್ತದರಿ."

"ಅಪ್ಪಾರು ಎಲ್ಲಿದ್ದಾರ?"

"ಅಮೆರಿಕಾದಾಗ."

"ಹಂಗಾರ ಇದನ್ನ ಅಲ್ಲೇ ಇಳಸ್ಲೇನು?"

ಇಲ್ಲಿ ಮೂರು ದಾರಿಗಳಿವೆ. ಅಪ್ಪನನ್ನು ಎಬ್ಬಿಸಿದರೆ ನಿದ್ದೆಗಣ್ಣಲ್ಲೂ ಅವರು ಕೇಳುವ ಮೊದಲ ಪ್ರಶ್ನೆ "ಅವ್ವ ಎಲ್ಲೆ? ಫೋನ್ ಅಕಿಗೆ ಕೊಡು". ಎಬ್ಬಿಸದಿದ್ದರೆ ಗಾಡಿ ಹೊರಟುಹೋಗುತ್ತದೆ. ಪಕ್ಕದ ಮನೆಯವರ ಸಿಲಿಂಡರು ಎರವಲು ತಂದರೆ ಅಜ್ಜಿ ಇಲ್ಲದ ಸುದ್ದಿ ಓಣಿಗೆ ಗೊತ್ತಾಗುತ್ತದೆ. ಮೂರೂ ಕೆಟ್ಟ ದಾರಿಗಳೇ. ಒಳ್ಳೆಯ ಹಾಸ್ಯ ಅಧ್ಯಾಯಕ್ಕೆ ಪಾತ್ರಗಳ ಮುಂದೆ ಕೆಟ್ಟ ದಾರಿಗಳಷ್ಟೇ ಇರಬೇಕು, ಮತ್ತು ಆರಿಸಿಕೊಳ್ಳಲು ಎರಡೇ ನಿಮಿಷ ಇರಬೇಕು, ಹೊರಗೆ ಗಾಡಿಯವನು ಹಾರ್ನು ಬಾರಿಸುತ್ತಿರಬೇಕು. ಬರೆಯುವವರು ಇಲ್ಲಿ ಮಾಡುವ ತಪ್ಪೆಂದರೆ ಗೌರಿಗೆ ಒಂದು ಜಾಣ ಉಪಾಯ ಹೊಳೆಯಿಸಿ ಪಾರು ಮಾಡುವುದು. ಹಾಗೆ ಮಾಡಬೇಡಿ. ಅವಳು ಅಪ್ಪನನ್ನು ಎಬ್ಬಿಸಲಿ, ಬಾಯಿಬಿಟ್ಟು ಹೇಳುವ ಮೊದಲ ಸುಳ್ಳು ಇಲ್ಲಿ ಹುಟ್ಟಲಿ. ಅಪ್ಪ ಓಟಿಪಿ ಓದಿ ಹೇಳಿದ ಮೇಲೆ ಅವರಿಗೆ ನಿದ್ದೆ ಹತ್ತುವುದಿಲ್ಲ, ಅಮ್ಮನನ್ನೂ ಎಬ್ಬಿಸುತ್ತಾರೆ. ಹನ್ನೊಂದೂಕಾಲಿಗೆ ಎರಡನೇ ಕರೆ.

ಅನಿಲದ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಓದುವವರು ಹದಿನಾಲ್ಕು ಹದಿನೈದರವರು, ಪುಸ್ತಕದಲ್ಲಿ ಕಂಡದ್ದನ್ನು ಮಾಡಿ ನೋಡುತ್ತಾರೆ. ಸೋರಿಕೆಯ ವಾಸನೆಯನ್ನು ಜೋಕು ಮಾಡಬೇಡಿ. ಅಂಥ ದೃಶ್ಯ ಬಂದರೆ ಮಕ್ಕಳು ಸರಿಯಾದದ್ದನ್ನೇ ಮಾಡಲಿ. ರೆಗ್ಯುಲೇಟರ್ ಮುಚ್ಚುವುದು, ಕಿಟಕಿ ಬಾಗಿಲು ತೆರೆಯುವುದು, ಲೈಟಿನ ಸ್ವಿಚ್ಚು ಹಾಕುವುದಾಗಲಿ ಆರಿಸುವುದಾಗಲಿ ಮಾಡದೆ ಹೊರಗೆ ಬಂದು 1906ಕ್ಕೆ ಫೋನು ಮಾಡುವುದು. ಕಾರಣವನ್ನೂ ನಿಖರವಾಗಿ ಇಡಿ, ಸಿಲಿಂಡರಿನ ಬಾಯೊಳಗಿನ ಸಣ್ಣ ರಬ್ಬರ್ ರಿಂಗ್ ಇರಲಿಲ್ಲ ಎಂದು. ಅಪಾಯದ ಕೆಲಸ ಸರಿಯಾಗಿ ಮಾಡಿ, ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತು ಯಾರು ಮೊದಲು ಹೆದರಿದ್ದು ಎಂದು ಜಗಳವಾಡಿದರೆ ನಗು ಅಲ್ಲಿ ಬರುತ್ತದೆ.

ನೀರಿನ ಲೆಕ್ಕ ಊರಿನಿಂದ ಊರಿಗೆ ಬೇರೆ. ಹುಬ್ಬಳ್ಳಿ ಧಾರವಾಡಕ್ಕೆ ಮಲಪ್ರಭೆಯ ನೀರು. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು, ಅದು ತಲುಪದ ಓಣಿಗಳಲ್ಲಿ ಹಲವು ದಿನಕ್ಕೊಮ್ಮೆ ನಳ ಬರುವುದು ರೂಢಿ. ನಮ್ಮ ಮಾದರಿಯಲ್ಲಿ ಆರು ದಿನಕ್ಕೊಮ್ಮೆ ಇರಲಿ. ಸಂಪಿನಲ್ಲಿ 5,000 ಲೀಟರು. ತಲೆಗೆ ದಿನಕ್ಕೆ 135 ಲೀಟರು ಎಂಬುದು ನಗರಗಳಿಗೆ ಹಾಕಿಕೊಂಡ ಮಾನದಂಡ, ಮೂವರಿಗೆ 405. ಹನ್ನೆರಡು ದಿನ ಬರಬೇಕು. ಬರುವುದಿಲ್ಲ, ಯಾಕೆಂದರೆ ಐಪಿಎಲ್ ಪಂದ್ಯದ ರಾತ್ರಿ ಮೋಟಾರು ಹಚ್ಚಿ ಮರೆತಿರುತ್ತಾರೆ. ಸಾವಿರ ಲೀಟರಿನ ಟ್ಯಾಂಕು ಮುಕ್ಕಾಲು ತಾಸಿಗೆ ತುಂಬಿದರೆ ಉಳಿದ ಮೂರು ತಾಸು ನೀರು ಪಕ್ಕದ ಮನೆಯ ಗೋಡೆ ತೊಳೆಯುತ್ತದೆ. ಸಂಪು ಖಾಲಿಯಾದ ಮೇಲೂ ಮೋಟಾರು ತಿರುಗುತ್ತಿರುತ್ತದೆ. ಅದರೊಳಗಿನ ಸೀಲು ತಂಪಾಗಿರುವುದು ನೀರಿನಿಂದಲೇ, ನೀರಿಲ್ಲದೆ ತಿರುಗಿದರೆ ಅದು ಬಿಸಿಯಾಗಿ ಕೆಡುತ್ತದೆ. ಮತ್ತೆ ನಳ ಬಂದ ದಿನ ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತದೆ, ನೀರು ಏರುವುದಿಲ್ಲ. ಪೈಪಿನಲ್ಲಿ ಗಾಳಿ ತುಂಬಿದೆ, ಮೇಲಿನ ಬಿರಡೆ ಬಿಚ್ಚಿ ತಂಬಿಗೆಯಲ್ಲಿ ನೀರು ಹೊಯ್ಯಬೇಕು. ಹೊಯ್ಯಬೇಕಾದ ಆ ಒಂದು ತಂಬಿಗೆ ನೀರೂ ಸಂಪಿನ ತಳದಲ್ಲೇ ಇದೆ!

ತಪ್ಪು ಸಣ್ಣದು, ಅದನ್ನು ಮುಚ್ಚಲು ಹೋದದ್ದು ದೊಡ್ಡದು ಎಂಬ ಕ್ರಮ ಇಲ್ಲಿ ಕಾಣುತ್ತಿದೆಯಲ್ಲ, ಇಡೀ ಕಾದಂಬರಿಗೆ ಇದೇ ಯಂತ್ರ. ಒಂದು ತಪ್ಪಿನ ಫಲ ಬೇರೆ ಕೋಣೆಯಲ್ಲಿ ಕಾಣಿಸಿಕೊಳ್ಳಬೇಕು. ಕರೆಂಟು ಬಿಲ್ಲು ಇದಕ್ಕೆ ತಕ್ಕುದು. ಗೃಹಜ್ಯೋತಿಯಲ್ಲಿ 200 ಯುನಿಟ್ಟಿನ ಒಳಗಿದ್ದು ಮನೆಯ ಸರಾಸರಿಗಿಂತ ತುಸು ಹೆಚ್ಚಾದರೆ ಹೆಚ್ಚಿನದಕ್ಕಷ್ಟೇ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಬೆಂಗಳೂರಿನ ಹುಡುಗ ಅಪ್ಪನ ಕೋಣೆಯ ಎಸಿ ಹಾಕಿಕೊಂಡು ಮಲಗುತ್ತಾನೆ, ಎಂಟು ತಾಸಿಗೆ ಏಳೆಂಟು ಯುನಿಟ್ ಅಂತ ಹಿಡಿದರೂ ತಿಂಗಳಿಗೆ 200 ದಾಟಿತು. ಹೆಸ್ಕಾಂ ಮೀಟರು ಓದುವವರು ಬಂದ ದಿನ ಸೊನ್ನೆ ಇರಬೇಕಾದ ಕಾಗದದ ಮೇಲೆ ನಾಲ್ಕಂಕಿ. ಅಷ್ಟೊತ್ತಿಗೆ ಅವರು 450ರ ಕೊರತೆಯನ್ನು ಕಷ್ಟಪಟ್ಟು 80ಕ್ಕೆ ಇಳಿಸಿ ಬೀಗುತ್ತಿದ್ದರು.

ಮಾಡಿನ ಮೇಲಿನ ಸಂಡಿಗೆ, ಭರಣಿಯ ಉಪ್ಪಿನಕಾಯಿ ಇವನ್ನು ಕಾಲ ತೋರಿಸಲು ಬಳಸಿ. ಅಜ್ಜಿ ಹೊರಡುವಾಗ "ದಿನಾ ಒಮ್ಮೆ ಒಣಾ ಸೌಟಿಲೆ ಕೈಯಾಡಸ್ರಿ" ಎಂದು ಮಾವಿನಕಾಯಿ ಹೋಳಿನ ಭರಣಿ ಒಪ್ಪಿಸಿರುತ್ತಾರೆ. ಹೋಳು ಕಿಲೋಗೆ 200 ಗ್ರಾಂ ಉಪ್ಪು ಹಾಕಿದ್ದು ಅದು. ಒದ್ದೆ ಸೌಟು ಒಂದು ಸಲ ಬಿದ್ದರೆ ನಾಲ್ಕೈದು ದಿನದಲ್ಲಿ ಮೇಲೆ ಬಿಳಿ ಬೂಷ್ಟು. ಅದು ಯಾರ ಪಾಳಿಯ ದಿನ ಬಿತ್ತು ಎಂಬ ವಿಚಾರಣೆಗೆ ಒಂದು ಅಧ್ಯಾಯ ಮೀಸಲಿಡಬಹುದು, ಕೋರ್ಟಿನ ಗತ್ತಿನಲ್ಲಿ.

ಪಾಳಿ ಎಂದಾಗ ಒಂದು ಎಚ್ಚರಿಕೆ. ಇಂಥ ಹಸ್ತಪ್ರತಿಗಳಲ್ಲಿ ಮೂರನೇ ಅಧ್ಯಾಯದ ಹೊತ್ತಿಗೆ ಅಡುಗೆ, ಪಾತ್ರೆ, ಕಸ ಮೂರೂ ಹುಡುಗಿಯ ಕೈಗೆ ಸೇರಿಬಿಟ್ಟಿರುತ್ತವೆ, ಬರೆದವರ ಗಮನಕ್ಕೇ ಬಂದಿರುವುದಿಲ್ಲ. ಪಾಳಿಯ ಪಟ್ಟಿ ಬರೆದು ನಿಮ್ಮ ಮೇಜಿನ ಮುಂದೆ ಅಂಟಿಸಿಕೊಳ್ಳಿ. ಹಾಲು ಕಾಯಿಸುವುದು, ಮೋಟಾರು, ಪಾತ್ರೆ, ಭರಣಿ, ಪೂಜೆಯ ಗಂಟೆ. ಪಟ್ಟಿ ಮುರಿದರೆ ಅದು ಕಥೆಯೊಳಗೆ ಜಗಳವಾಗಿ ಬರಲಿ.

ಕನ್ನಡದಲ್ಲಿ ಮನೆಯೊಳಗಿನ ಹಾಸ್ಯಕ್ಕೆ ಬರವಿಲ್ಲ. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಹಾಸ್ಯ ಪತ್ರಿಕೆ 'ಕೊರವಂಜಿ'ಯ ಪುಟಗಳಲ್ಲಿ ಸಂಸಾರದ ಫಜೀತಿ ತುಂಬಿ ತುಳುಕುತ್ತದೆ. ಆದರೆ ಅಲ್ಲಿ ನೋಡುವ ಕಣ್ಣು ಗಂಡ ಹೆಂಡಿರದು. ನಮಗೆ ಬೇಕಾದದ್ದು ಹದಿನೇಳರ ಕಣ್ಣು. ನನ್ನ ಅಭಿಪ್ರಾಯದಲ್ಲಿ ಗೌರಿಯೇ ಕಥೆ ಹೇಳಬೇಕು, ಎಲ್ಲ ತನ್ನ ಹತೋಟಿಯಲ್ಲಿದೆ ಎಂದು ನಂಬಿರುವವಳು ಅವಳೊಬ್ಬಳೇ. ಪ್ರತಿ ಅಧ್ಯಾಯದ ತಲೆಯಲ್ಲಿ ಅವಳ ಖರ್ಚಿನ ವಹಿಯ ನಾಲ್ಕು ಸಾಲು ಇಡಿ. ಹಾಲು 50. ಮೆಂತ್ಯ ಸೊಪ್ಪು 20. ಇತರೆ 600. ಏನು ಮುಚ್ಚಿಡಬೇಕೋ ಅದೆಲ್ಲ 'ಇತರೆ'ಯಲ್ಲಿ ಸೇರುತ್ತದೆ, ಎರಡು ಅಧ್ಯಾಯ ಕಳೆದ ಮೇಲೆ ಓದುಗರು ಮೊದಲು ಅದನ್ನೇ ನೋಡತೊಡಗುತ್ತಾರೆ.

ಮಾತಿನ ಬಗ್ಗೆ ಇಷ್ಟೇ. ಧಾರವಾಡದಲ್ಲೇ 'ಅದ' ಎನ್ನುವ ಮನೆಗಳಿವೆ, 'ಐತಿ' ಎನ್ನುವ ಮನೆಗಳಿವೆ. ಗೌರಿಗೆ ಒಂದು, ಗಾಡಿಯವನಿಗೆ ಒಂದು ಇರಲಿ, ಆದರೆ ಒಬ್ಬರ ಬಾಯಲ್ಲಿ ಎರಡೂ ಬರದ ಹಾಗೆ ನೋಡಿಕೊಳ್ಳಿ. ನಚಿಕೇತನ ಬೆಂಗಳೂರು ಮಾತನ್ನು ಗೌರಿ ಅಣಕಿಸಬಹುದು, ಬರೆಯುವ ನೀವು ಯಾರ ಮಾತನ್ನೂ ಅಣಕಿಸಬಾರದು. ಈ ವರ್ಷದ ಮೊಬೈಲ್ ಪದಗಳನ್ನು ತುರುಕಬೇಡಿ, ಪುಸ್ತಕ ಅಚ್ಚಾಗುವ ಹೊತ್ತಿಗೆ ಹಳತಾಗಿರುತ್ತವೆ.

ಅಳತೆ ಕೇಳಿದ್ದಿರಿ. 24 ಅಧ್ಯಾಯ, ಒಂದೊಂದೂ 1,700 ಪದದ ಆಸುಪಾಸು, ಒಟ್ಟು 40,000 ಚಿಲ್ಲರೆ. ಡೆಮಿ ಅಷ್ಟಕ ಅಳತೆಯ ಪುಸ್ತಕದಲ್ಲಿ 180 ಪುಟ ಆದೀತು. 45 ದಿನಗಳನ್ನು ಸಮನಾಗಿ ಹಂಚಬೇಡಿ. ಮೊದಲ ಮೂರು ದಿನಕ್ಕೆ ಆರು ಅಧ್ಯಾಯ ಬೇಕು, ಆಗ ಪ್ರತಿಯೊಂದೂ ಹೊಸದು. ಆಮೇಲೆ ಒಂದು ಅಧ್ಯಾಯ ಹತ್ತು ದಿನ ನುಂಗಲಿ. ಮೇ ಎರಡನೇ ವಾರ ಗುಡುಗು ಆಲಿಕಲ್ಲಿನ ಒಂದು ಮಳೆ ತರಿಸಿ. ಮಾವು ಉದುರುತ್ತದೆ, ಸಂಡಿಗೆ ನೆನೆಯುತ್ತದೆ, ಹೆಂಚು ಒಡೆಯುತ್ತದೆ, ಕರೆಂಟು ಹೋಗುತ್ತದೆ, ಅಮ್ಮನ ಕರೆ ತಪ್ಪುತ್ತದೆ. ಆವರೆಗೆ ಬಿಡಿಬಿಡಿಯಾಗಿದ್ದ ಎಳೆಗಳೆಲ್ಲ ಒಂದೇ ರಾತ್ರಿ ಗಂಟಾಗಲು ಇದಕ್ಕಿಂತ ಸಹಜ ಸಂದರ್ಭ ಇಲ್ಲಿ ಸಿಗದು.

ಕೊನೆಗೆ ಎರಡು ಪ್ರಶ್ನೆ ಬಂದವು. ಒಂದು, ಗುಟ್ಟು ಯಾರಿಗೆ ಮೊದಲು ಗೊತ್ತಾಗಬೇಕು? ಶಾಂತವ್ವನಿಗೆ ಮೊದಲ ದಿನವೇ ಗೊತ್ತು, ಅದಂತೂ ಖಚಿತ. ದಿನಾ ಒಂದು ತಾಟು ಕಡಿಮೆ ತಿಕ್ಕುವವಳಿಗೆ ತಿಳಿಯದೆ ಇರುತ್ತದೆಯೇ? ಪಕ್ಕದ ಮನೆಯವರಿಗೆ ಮೋಟಾರಿನ ರಾತ್ರಿ ಗೊತ್ತಾಗುತ್ತದೆ. ದೊಡ್ಡವರು ದಡ್ಡರಲ್ಲ, ಅವರು ಕಣ್ಣಿಟ್ಟಿದ್ದಾರೆ ಎಂಬುದು ಓದುಗರಿಗೆ ಗೊತ್ತಿದ್ದು ಗೌರಿಗೆ ಗೊತ್ತಿಲ್ಲದಿದ್ದರೆ ಓದುವ ಮಕ್ಕಳಿಗೂ ನಿರಾಳ. ಅಪ್ಪ ಅಮ್ಮ ಬಂದ ಮೇಲೆ ಮಾತ್ರ ಒಂದು ಕಟ್ಟುನಿಟ್ಟು, ಯಾರೂ ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ಅಪ್ಪ ತೆರಿಗೆ ರಸೀದಿ ಕೇಳಲಿ, ಅಷ್ಟು ಸಾಕು.

ಎರಡನೆಯದು, ಬರೆದದ್ದನ್ನು ಯಾರಿಗೆ ಓದಲು ಕೊಡಬೇಕು? ಹದಿನೈದು ವರ್ಷದ ಮೂವರಿಗೆ, ಬೇರೆ ಬೇರೆ ಮನೆಯವರಿಗೆ, ನೀವು ಎದುರಿಗೆ ಕೂರದೆ. ಪೆನ್ಸಿಲು ಕೊಟ್ಟು ಎರಡು ಗುರುತು ಹೇಳಿ, ನಕ್ಕ ಕಡೆ ಒಂದು ಗೆರೆ, ಓದು ನಿಲ್ಲಿಸಿ ಎದ್ದುಹೋದ ಕಡೆ ಒಂದು ಅಡ್ಡ ಗೆರೆ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮೂರೂ ಪ್ರತಿಗಳಲ್ಲಿ ಒಂದೇ ಪುಟದ ಮೇಲೆ ಅಡ್ಡ ಗೆರೆ ಬಿದ್ದಿದ್ದರೆ ಅಲ್ಲಿಂದ ಎರಡು ಪುಟ ಹಿಂದಕ್ಕೆ ಹೋಗಿ ನೋಡಿ. ಬಹಳ ಸಲ ಅಲ್ಲಿ ನೀವು ಒಂದು ಜೋಕನ್ನು ವಿವರಿಸಿರುತ್ತೀರಿ, ಇಲ್ಲವೇ ಮಕ್ಕಳ ಹತ್ತಿರ ಎಷ್ಟು ದುಡ್ಡು ಉಳಿದಿದೆ ಎಂದು ಹೇಳಲು ಮರೆತಿರುತ್ತೀರಿ.